ಪರದೆಯ ಪರದಾಟ

ಅಕ್ಕಾ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ದೊಡ್ಡದು ಮಾಡಿದಾಗಲೆಲ್ಲ ಪರದೆ ಯಾಕೆ ಕಪ್ಪಾಗುತ್ತದೆಂದು ಗೊತ್ತಾಯಿತು. ಗ್ರಾಫಿಕ್ಸ್ ಕಾರ್ಡಿಗೆ ಚಾಲಕ ಇದ್ದಾನೆ, ಚಾಲಾಕಿ ಇಲ್ಲ. ಅಂದರೆ ಡ್ರೈವರ್ ಇದೆ, ಅದಕ್ಕೆ ಬೇಕಾದ ಫರ್ಮ್‌ವೇರ್ ಫೈಲುಗಳಿಲ್ಲ. ಲಿನಕ್ಸ್ ಪಾಪ, ಶುರುವಾದಾಗಲೆಲ್ಲ ಗುಮಾಸ್ತರ ಮೂಗುದನಿಯಲ್ಲಿ "ಫೈಲ್ ಸಿಕ್ತಿಲ್ಲಮ್ಮಾ, ಫೈಲ್ ಸಿಕ್ತಿಲ್ಲ" ಅನ್ನುತ್ತಲೇ ಇತ್ತು. ನೀನು ಓದದೆ ಎಂಟರ್ ಒತ್ತುತ್ತಿದ್ದೆ.

ಕೀಬೋರ್ಡಿನ ಮೇಲೆ ಕೆಂಪು ಪೆನ್‌ಡ್ರೈವ್ ಇಟ್ಟಿದ್ದೇನೆ, ಸಿಕ್ಕಿಸು. ಅದರಲ್ಲಿರುವುದು ಒಂದೇ ಫೈಲ್, ಇಲ್ಲದ್ದೆಲ್ಲ ಅದರೊಳಗಿದೆ. ತೆರೆದು ಇನ್‌ಸ್ಟಾಲ್ ಒತ್ತಿ, ಪಾಸ್‌ವರ್ಡ್ ಕೊಡು.

ಆಮೇಲೆ ರೀಸ್ಟಾರ್ಟ್ ಮಾಡು. ಅಲ್ಲಿಯವರೆಗೆ ನಕ್ಷೆ ಮುಟ್ಟಬೇಡ. ಪರದೆ ಕಪ್ಪಾಗಿ ಮೆಟ್ಟಿಲಿನ ಭಾಗ ಇನ್ನೊಮ್ಮೆ ಅಳಿಸಿಹೋದರೆ ನಾಲ್ಕು ಗಂಟೆಗೆ ಮೇಸ್ತ್ರಿಗೆ ಕೊಡಲು ಏನೂ ಇರುವುದಿಲ್ಲ. ಆ ಮನುಷ್ಯ ಮೆಟ್ಟಿಲಿಲ್ಲದೆಯೇ ಮಹಡಿ ಕಟ್ಟಿಬಿಡುತ್ತಾರೆ.

ಇನ್ನೊಂದು ವಿಷಯ. ಲಿನಕ್ಸ್ ಹಾಕಿಕೊಟ್ಟದ್ದಕ್ಕೆ ಭಾವನನ್ನು ಬಯ್ಯುವುದು ಸಾಕು. ಭಾನುವಾರ ಡಿಸ್ಕಿನಲ್ಲಿ ಜಾಗ ಮಾಡಲು ಹೋಗಿ, 'ಯಾರಿಗೆ ಬೇಕು ಇದು' ಎಂದು ಆ ಫೈಲುಗಳ ಫೋಲ್ಡರನ್ನೇ ಅಳಿಸಿದವನು ನಾನು. ಮೂರು ದಿನದಿಂದ ಅವರು ಬೈಸಿಕೊಳ್ಳುತ್ತಿದ್ದಾರೆ. ನಾನು ಪಕ್ಕದಲ್ಲೇ ಕೂತು "ನಿಮ್ಮ ಪುಕ್ಕಟೆ ಲಿನಕ್ಸು!" ಎಂದು ನಿನ್ನ ದನಿಯನ್ನೇ ಅಣಕಿಸಿದೆ.

ನಾನು ಆರಕ್ಕೆ ಬರುತ್ತೇನೆ. ಅಷ್ಟರಲ್ಲಿ ನಿನ್ನ ಕೋಪವೂ ಆರಿರಲಿ.

ತಮ್ಮ