ಕ್ಯಾಪ್ಟನ್ ಗೋಪಮ್ಮನವರಿಗೆ ಗಂಡನನ್ನು ಕರುಣಿಸಿದ ಅಧ್ಯಕ್ಷರಿಗೆ

ಮಾಜಿ ಯೋಧರ ಸನ್ಮಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಸೋದರತ್ತೆ ಗೋಪಮ್ಮನವರಿಗೆ ಮದುವೆಯೇ ಆಗಿಲ್ಲ. ಅಜ್ಜ-ಅಜ್ಜಿ ಸಾಯುವವರೆಗೆ ಗೋಗರೆದರೂ ಆಗದ ಕೆಲಸವನ್ನು ತಾವು ಕಳೆದ ಭಾನುವಾರ ರಾಯಚೂರಿನ ಸಭಾಂಗಣದಲ್ಲಿ ಮೈಕಿನ ಮುಂದೆ ನಿಂತು ಅರೆಗಳಿಗೆಯಲ್ಲಿ ಮುಗಿಸಿದಿರಿ. ಅವರಿಗೊಬ್ಬ ಗಂಡನನ್ನು ಕೊಟ್ಟಿರಿ, ಅದೇ ಉಸಿರಿನಲ್ಲಿ ಅವನನ್ನು ಯುದ್ಧದಲ್ಲಿ ಕೊಂದಿರಿ, ‘ವೀರಪತ್ನಿ’ ಎಂದು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡಿರಿ. ತಮ್ಮ ದಕ್ಷತೆಗೆ ಏನೆನ್ನಲಿ?

ಅತ್ತೆ ಕವಿತಾಳದ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ಸೇನೆಗೆ ಸೇರಿದವರು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವಗಡಿಯ ಸೇನಾ ಆಸ್ಪತ್ರೆಯಲ್ಲಿದ್ದರು. ಕ್ಯಾಪ್ಟನ್ ಆಗಿ ನಿವೃತ್ತರಾದರು. ಆದರೆ ಬಾಗಿಲಲ್ಲಿ ನಿಂತಿದ್ದ ತಮ್ಮ ಸಿಬ್ಬಂದಿಗೆ ಕಂಡದ್ದು ಸೀರೆ ಮಾತ್ರ, ಅದರ ಮೇಲಿದ್ದ ಪದಕಗಳಲ್ಲ.

“ಯವ್ವಾ, ಯಜಮಾನ್ರ ಹೆಸ್ರೇನ್ರಿ?”

“ಯಾವ ಯಜಮಾನ್ರಪ್ಪಾ? ಮಿಲಿಟ್ರಿಯಾಗ ಇದ್ದಾಕಿ ನಾನು.”

“ಆತ್ರಿ, ಆತ್ರಿ. ಹೆಣಮಕ್ಳ ಸಾಲು ಆ ಕಡಿ ಅದ, ಅಲ್ಲಿ ಕುಂದರ್ರಿ.”

ವೇದಿಕೆಯ ಬ್ಯಾನರಿನಲ್ಲೂ ಅತ್ತೆಯ ಹೆಸರಿನ ಮುಂದೆ ‘ವೀರಪತ್ನಿ’ ಎಂದೇ ಇತ್ತು. ನಾನು ಮೇಲೆ ಹತ್ತಿ ಬಂದು ತಮಗೇ ತಿಳಿಸಿದೆ. ತಾವು ಹೇಳಿದ್ದು: “ಬ್ಯಾನರ್ ಪ್ರಿಂಟ್ ಆಗ್ಯಾದ್ರೀ ಮೇಡಂ. ಈಗ ಗದ್ಲ ಮಾಡಬ್ಯಾಡ್ರಿ.” ಅಂದರೆ ಒಂದು ಬಟ್ಟೆಯ ತುಂಡನ್ನು ಬದಲಿಸುವುದಕ್ಕಿಂತ ಒಬ್ಬ ಹೆಣ್ಣುಮಗಳ ಇಡೀ ಬದುಕನ್ನು ಬದಲಿಸುವುದು ತಮಗೆ ಸಲೀಸು!

ಕಾರ್ಯಕ್ರಮದ ಹೆಸರು ‘ಯೋಧರ ಮಾತು ಕೇಳೋಣ’. ಕೇಳಿದಿರಾ? ಪತಿಯ ಬಲಿದಾನದ ಬಗ್ಗೆ ಎರಡು ಮಾತಾಡಿ ಎಂದಾಗ ಅತ್ತೆ, “ನನಗ ಗಂಡ ಇಲ್ರಿ. ಒಬ್ಬ ಸಿಪಾಯಿ ಸುದ್ದಿ ಹೇಳ್ತೀನಿ” ಎಂದು ಶುರುಮಾಡಿದರು. ತಾವು ಮೊಬೈಲ್ ನೋಡುತ್ತಿದ್ದಿರಿ. ನಿರೂಪಕರು “ಅಮ್ಮನವರು ಭಾವುಕರಾಗಿದ್ದಾರೆ” ಎಂದು ಮೈಕ್ ಕಿತ್ತುಕೊಂಡರು. ದೇಶಭಕ್ತಿಯ ನೃತ್ಯ ಶುರುವಾಯಿತು. ಅತ್ತೆಯ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ, ಮಾನ್ಯರೇ.

ದೇವದುರ್ಗದ ಮಾಜಿ ಹವಾಲ್ದಾರ್ ಶರಣಯ್ಯನವರೊಬ್ಬರು ಕೋಲೂರಿ ಎದ್ದು ಬಂದು, ಪದಕಗಳನ್ನು ಗುರುತಿಸಿ ಸೆಲ್ಯೂಟ್ ಹೊಡೆದರು. “ಮೇಡಂ, ಉಳಿದದ್ದು ನನಗ ಹೇಳ್ರಿ” ಎಂದರು. ಹಾಗಾಗಿ ಉಳಿದದ್ದನ್ನು ನಾವು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೇಳಿದೆವು.

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಸಿಪಾಯಿಯೊಬ್ಬ ಹನಿ ನೀರನ್ನೂ ಕುಡಿಯದೆ ಮಲಗಿದ್ದನಂತೆ. ಅವನ ನರಳಾಟದಲ್ಲಿ ಕನ್ನಡ ಕೇಳಿಸಿ ಅತ್ತೆ, “ಯಾವೂರಪ್ಪಾ ನಿಂದು?” ಎಂದರು. “ಮಾನ್ವಿ ಕಡೀದು. ಯಕ್ಕಾ, ಹಿಂಗ ಮಾತಾಡ್ತಿರು, ನಿಲ್ಲಸಬ್ಯಾಡ” ಎಂದ. ವಾರ್ಡಿನ ತುಂಬ ಗಾಯಾಳುಗಳು. ಒಬ್ಬನ ಪಕ್ಕದಲ್ಲೇ ಕೂರುವಂತಿರಲಿಲ್ಲ. ಅತ್ತೆ ಉಳಿದವರ ಗಾಯ ತೊಳೆಯುತ್ತ, ಆ ತುದಿಯಿಂದ ಈ ತುದಿಗೆ ಓಡಾಡುತ್ತ, ಅವನಿಗೆ ಕೇಳಿಸುವಂತೆ ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡಿದರು. ಕವಿತಾಳದ ಸಂತೆ, ಅವ್ವನ ಬೈಗುಳ, ಬಾವಿಗೆ ಬಿದ್ದ ಎಮ್ಮೆಕರು. ಪಂಜಾಬಿಗಳು, ಬಂಗಾಳಿಗಳು, ಸೆರೆಸಿಕ್ಕ ಶತ್ರು ಸೈನಿಕನೊಬ್ಬ, ಯಾರಿಗೂ ಅರ್ಥವಾಗದ ಭಾಷೆ. ಆದರೂ ಸುಮ್ಮನಿರು ಎಂದು ಒಬ್ಬರೂ ಅನ್ನಲಿಲ್ಲ. ಕೊನೆಗೆ ಪಕ್ಕದ ಮಂಚದ ಸರ್ದಾರ್ಜಿ ಅತ್ತೆಯ ಕೈ ಹಿಡಿದು ನಿಲ್ಲಿಸಿದ. ಸಿಪಾಯಿ ಆಗಲೇ ತೀರಿಕೊಂಡಿದ್ದ.

“ಗೊತ್ತಾದ ಮ್ಯಾಲೂ ಬಾಯಿ ನಿಲ್ಲಲಿಲ್ಲ ಶರಣಯ್ನೋರೇ” ಎಂದರು ಅತ್ತೆ. “ಕರು ಬಾವ್ಯಾಗಿಂದ ಜೀವಂತ ಮ್ಯಾಲ ಬಂತು ಅಂತ ಹೇಳೇ ಮುಗಿಸಿದೆ.”

ಕವಿತಾಳದ ಬಸ್ಸು ಬಂತು. ಕತೆ ಕೇಳುತ್ತ ಬೆಂಚಿನ ಸುತ್ತ ನಿಂತಿದ್ದವರಲ್ಲಿ ಕೆಲವರು ಹತ್ತಿದರು, ಕೆಲವರು ಬಸ್ಸನ್ನೇ ಬಿಟ್ಟರು.

ಮರುದಿನ ತಮ್ಮ ಪ್ರಕಟಣೆಯ ಕೃಪೆಯಿಂದ ಪತ್ರಿಕೆಯಲ್ಲಿ ಬಂದದ್ದು: ‘ಪತಿಯ ನೆನೆದು ಕಣ್ಣೀರಿಟ್ಟ ವೀರಪತ್ನಿ’. ಅದೇ ಪತ್ರಿಕೆಯಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಇದು ಸುಳ್ಳು ಎಂದು ತಮ್ಮ ಸಹಿಯೊಂದಿಗೆ ಬರಬೇಕು. ಇದು ವಿನಂತಿಯಲ್ಲ.

ಇನ್ನೊಂದು ಮಾತು. ಬರುವ ಭಾನುವಾರ ಶರಣಯ್ಯನವರು ನಮ್ಮ ಮನೆಗೆ ಬರುತ್ತಿದ್ದಾರೆ. ಯುದ್ಧದಲ್ಲಿ ಕಂಡದ್ದನ್ನು ಅವರು ಹೆಂಡತಿ ಮಕ್ಕಳಿಗೂ ಇದುವರೆಗೆ ಹೇಳಿಲ್ಲವಂತೆ. ಅತ್ತೆಯ ಮುಂದೆ ಹೇಳುತ್ತಾರಂತೆ. ಚಾಪೆಯ ಮೇಲೆ ತಮಗೂ ಜಾಗವಿದೆ. ಶಾಲು ತರಬೇಡಿ, ಫೋಟೊದವರನ್ನು ಕರೆತರಬೇಡಿ. ಷರತ್ತು ಒಂದೇ: ತಾವು ಮಾತಾಡುವಂತಿಲ್ಲ.

ಇಂತಿ,
ಅಂದು ಇನ್ನಷ್ಟು ಗದ್ದಲ ಮಾಡಬೇಕಿತ್ತೆಂದು ಹಳಹಳಿಸುತ್ತಿರುವ
ಪ್ರಿಯದರ್ಶಿನಿ, ಕವಿತಾಳ