ಹಸಿರು ಪುಡಿ, ಕೆಂಪು ಶಾಯಿ

ಮಾರ್ಚ್ 4, ಬೆಳಗ್ಗೆ 7
ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ: ನಾನು ಕಳ್ಳ. ಲೇಬಲ್ ಅಳತೆಗೆಂದು ಪ್ರೆಸ್ಸಿಗೆ ಬಂದಿದ್ದ ಸೊಪ್ಪಿನ ಪುಡಿಯ ಎರಡು ಬೋಳು ಡಬ್ಬಿಗಳು ನನ್ನ ಚೀಲ ಸೇರಿವೆ. ಆತ್ಮಸಾಕ್ಷಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಸುಮ್ಮನಾಗದ್ದು ಅಕ್ಕನ ಕೆಮ್ಮು. ಚಿಕ್ಕಂದಿನಲ್ಲಿ ಅವಳಿಗೊಂದು ಪೆನ್ಸಿಲ್ ಕೊಡದ ನಾನು ಕಿಡ್ನಿ ಕೊಟ್ಟು ಏಳು ತಿಂಗಳು. ಅಂದಿನಿಂದ ವಾರಕ್ಕೊಂದು ನೆಗಡಿ. ಈ ಪುಡಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದಂತೆ. ಲೇಬಲ್ಲಿನ ಪ್ರೂಫ್ ತಿದ್ದಿದವನು ನಾನೇ. ಇಪ್ಪತ್ತೆರಡು ವರ್ಷ... ನನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ದಾಟಿಲ್ಲ.

ಮಾರ್ಚ್ 5
ಸೂಪಿಗೆ ಎರಡು ಚಮಚ.
"ಏನೋ ಇದು, ಹುಲ್ಲು ಕೊಯ್ದು ಹಾಕಿದ್ದೀಯಾ?"
"ಆರೋಗ್ಯಕ್ಕೆ ಹಸಿರು ನಿಶಾನೆ ಕಣೇ."
"ನಿನ್ನ ಕಿಡ್ನಿ ಬಂದ್ಮೇಲೆ ಹುಲ್ಲೂ ರುಚಿಸ್ತಿದೆ ನೋಡು." ಬಟ್ಟಲು ಖಾಲಿ.

ಮಾರ್ಚ್ 19
ನೆಗಡಿ ಮಾಯ! ಎರಡನೆಯ ಡಬ್ಬಿ ತೆರೆದೆ. ಡಾಕ್ಟರಿಗೆ ಹೇಳಿಲ್ಲ. ಔಷಧಿಯೇ? ಬರೀ ಸೊಪ್ಪು.

ಏಪ್ರಿಲ್ 11
ಅಕ್ಕನ ಕಾಲು ಊದಿದೆ. ಚಪ್ಪಲಿಗೆ ತೂರುತ್ತಿಲ್ಲ. "ಚಪ್ಪಲಿ ಕುಗ್ಗಿದೆ," ಎಂದೆ. ನಗಲಿಲ್ಲ. ನನಗೂ ನಗು ಬರಲಿಲ್ಲ.

ಏಪ್ರಿಲ್ 13, ಆಸ್ಪತ್ರೆ
ರಕ್ತಪರೀಕ್ಷೆಯ ವರದಿ ಕೆಟ್ಟದಾಗಿದೆ. ಅವಳ ಮೈ ನನ್ನ ಕಿಡ್ನಿಯ ಮೇಲೆ ತಿರುಗಿಬಿದ್ದಿದೆ.
"ನಮ್ಮ ಮಾತ್ರೆ ಬಿಟ್ಟು ಬೇರೇನಾದ್ರೂ ಕೊಟ್ರಾ?" ಡಾಕ್ಟರ್ ಕೇಳಿದರು.
"ಇವನ ಹುಲ್ಲಿನ ಸೂಪು," ಎಂದಳು ಅಕ್ಕ.
ಹೇಳಿದೆ, ಎಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟರು.
"ಇವರ ಮೈಯ ಕಾವಲುಗಾರರನ್ನ ಮಾತ್ರೆ ಕೊಟ್ಟು ಮಲಗಿಸಿರೋದೇ ನಿಮ್ಮ ಕಿಡ್ನಿ ಉಳೀಲಿ ಅಂತ. ಕೆಲವು ಗಿಡಗಳ ಸತ್ವ ಅವರನ್ನ ಎಬ್ಬಿಸಿಬಿಡುತ್ತೆ. ಇದರಿಂದಲೇ ಆಯ್ತು ಅಂತ ಖಂಡಿತ ಹೇಳಲಾರೆ. ಆದ್ರೆ ಕೊಡಬಾರದಿತ್ತು. ಎಚ್ಚರಿಕೆ ಬರೆದಿರಲಿಲ್ವಾ?"
"ಡಬ್ಬಿಗೆ ಇನ್ನೂ ಲೇಬಲ್ ಅಂಟಿಸಿರಲಿಲ್ಲ. ಅದರ ಪ್ರೂಫ್ ನೋಡಿದವನು ನಾನೇ. ಅಂಥ ಸಾಲು ಇಲ್ಲ."

ಮೇ 6
ಕಿಡ್ನಿ ಹೋಯಿತು. ಮತ್ತೆ ಡಯಾಲಿಸಿಸ್. ಅದೇ ಯಂತ್ರ, ಅದೇ ಕಿಟಕಿ ಪಕ್ಕದ ಹಾಸಿಗೆ.
"ಇನ್ನೊಂದನ್ನೂ ಕೊಡ್ತೀನಿ ಅಂತ ಹೊರಡಬೇಡ ಮಾರಾಯ," ಎಂದು ನನ್ನ ಕೈ ಹಿಡಿದಳು. "ಆ ಪುಡಿಯವರಿಗೆ ಬಯ್ದು ಒಂದು ಕಾಗದ ಬರಿ. ಎಚ್ಚರಿಕೆ ಹಾಕದೆ ಮುಚ್ಚಿಟ್ರಲ್ಲ, ಪಾಪಿಗಳು."

ಮೇ 7, ಪ್ರೆಸ್ಸು
ಕಾಗದದ ಜೊತೆ ಕಳಿಸಲು ಪ್ರೂಫ್ ಹುಡುಕಿದೆ. ಸಿಕ್ಕಿತು.
ಪ್ರೂಫನ್ನು ನಾನು ಓದುವುದು ಯಾವಾಗಲೂ ಕೊನೆಯ ಪದದಿಂದ ಮೊದಲಿಗೆ, ಪದ ಪದವಾಗಿ. ಅರ್ಥದ ಬೆನ್ನು ಹತ್ತಿದರೆ ಕಣ್ಣು ತಪ್ಪನ್ನು ಹಾರಿಬಿಡುತ್ತದೆ. ಹೊಸಬರಿಗೂ ಹೀಗೆಯೇ ಕಲಿಸಿದ್ದೇನೆ, ಜಂಬದಿಂದ.
ತಳದಲ್ಲಿ, ಇರುವೆ ಗಾತ್ರದ ಅಕ್ಷರ: ಅಂಗ ಕಸಿ ಮಾಡಿಸಿಕೊಂಡವರು ಸೇವಿಸಬಾರದು. ಸಾಲಿನ ಕೊನೆಗೆ ಚುಕ್ಕೆ ಬಿಟ್ಟುಹೋಗಿತ್ತು. ಕೆಂಪು ಶಾಯಿಯಲ್ಲಿ ಇಟ್ಟಿದ್ದೇನೆ. ಕೆಳಗೆ ನನ್ನದೇ ಸಹಿ.
ಸಂಜೆ ಕೇಳುತ್ತಾಳೆ, ಕಾಗದ ಬರೆದೆಯಾ ಎಂದು. ಸಾಲು ಓದಿರಲಿಲ್ಲ ಅಕ್ಕ, ಚುಕ್ಕೆ ಮಾತ್ರ