ಹೊರಮನೆಯವರ ಸಾಲು

ಅಳಿವೆನಾಡು, 2191ರ ಫೆಬ್ರವರಿ 30

ನಮಗಿಂತ ಮೊದಲು ಬದುಕಿದವರಿಗೆ ಐತಪ್ಪನ ನಮಸ್ಕಾರ.

ತಾರೀಖು ತಪ್ಪಿ ಬರೆದದ್ದಲ್ಲ. ಒಕ್ಕೂಟದಿಂದ ಹೊರಬಂದ ವರ್ಷ, ಅವರ ಕ್ಯಾಲೆಂಡರೂ ಬೇಡವೆಂದು ನಮ್ಮ ಸರಕಾರ ಫೆಬ್ರವರಿಗೆ ಎರಡು ದಿನ ಸೇರಿಸಿತು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಮ್ಮ ಬಾಯಿಗೂ ಅವು ಇನ್ನೂ ಹೊಂದಿಕೊಂಡಿಲ್ಲ.

ಅದಕ್ಕೂ ಮೊದಲು ನಮ್ಮದೂ ಸೇರಿ ಏಳು ನಾಡುಗಳು ಒಂದು ಒಕ್ಕೂಟವಾಗಿದ್ದವು. ಗಡಿಯಲ್ಲಿ ಗೇಟು ಇರಲಿಲ್ಲ. ನಾನು ಕಡಲ ಬದಿಯವನು. ಐಸಿನಲ್ಲಿಟ್ಟ ಬಂಗುಡೆಯನ್ನು ದೋಣಿಯಲ್ಲಿ ಹೊಳೆಯ ಮೇಲಕ್ಕೆ, ಬಯಲುನಾಡಿನ ಸಂತೆಗೆ ಒಯ್ದು ಮಾರುತ್ತಿದ್ದೆ. ಅಲ್ಲಿ ರೊಟ್ಟಿ ಅಂಗಡಿ ನಡೆಸುತ್ತಿದ್ದ ಬಾಳವ್ವನನ್ನು ಮದುವೆಯಾಗಿ ಊರಿಗೆ ಕರೆತಂದೆ. ಅವಳು ನಮ್ಮ ಬಂದರಿನಲ್ಲೇ ಒಲೆ ಹೂಡಿದಳು. ಬಯಲಿನ ಜೋಳ ವಾರಕ್ಕೊಮ್ಮೆ ಬರುತ್ತಿತ್ತು. ಬೆಳಗಿನ ಬಲೆ ಎಳೆದು ಬಂದವರು ಅವಳ ರೊಟ್ಟಿಗೆ ಮೀನಿನ ಸಾರು ಹಾಕಿಕೊಂಡು ತಿನ್ನುತ್ತಿದ್ದರು. ಮೊದಮೊದಲು ನಕ್ಕವರೇ ಆಮೇಲೆ ಗಂಜಿ ಬಿಟ್ಟರು.

ಒಕ್ಕೂಟದಲ್ಲಿ ಇರುವುದೋ ಬಿಡುವುದೋ ಎಂದು ಕೇಳುವ ಜನಮತಗಣನೆ ಬಂತು. ಅದರ ಹಿಂದಿನ ದಿನ ಒಕ್ಕೂಟದ ತಪಾಸಣೆಯವನೊಬ್ಬ ಬಂದು, ಐಸು ಸಾಲದೆಂದು ನನ್ನ ಎರಡು ಬುಟ್ಟಿ ಮೀನಿಗೆ, ಮಾರಲಾಗದಂತೆ, ನೀಲಿ ಬಣ್ಣ ಸುರಿದ. ಇಡೀ ಬಂದರು ನೋಡುತ್ತಿತ್ತು. ಮರುದಿನ ಮತಗಟ್ಟೆಯಲ್ಲಿ ಎರಡೇ ಗುಂಡಿಗಳಿದ್ದವು: ಇರೋಣ, ಬಿಡೋಣ. ನಾನು ‘ಬಿಡೋಣ’ ಒತ್ತಿದೆ. ಬೇರೆ ನಾಡಿನಲ್ಲಿ ಹುಟ್ಟಿದ ಬಾಳವ್ವನಿಗೆ ಮತವಿರಲಿಲ್ಲ. ಹೊರಗೆ ಮರದ ನೆರಳಿನಲ್ಲಿ ನಿಂತಿದ್ದಳು. “ಆಯ್ತು, ಹೋಗುವ” ಎಂದೆ. ಅವಳು ಏನೂ ಕೇಳಲಿಲ್ಲ. ಕೇಳುವಂಥದ್ದೇನೂ ಇಲ್ಲವೆಂದು ನಂಬಿದ್ದಳು.

ಒಕ್ಕೂಟ ಬಿಟ್ಟೆವು. ಗೇಟು ಬಂತು. ಜೋಳದ ಮೂಟೆಗಳು ಆಚೆ ಬದಿಯಲ್ಲಿ ಕಾಗದಕ್ಕೆ ಕಾದು ಹುಳ ಹಿಡಿದವು, ನನ್ನ ಮೀನು ಈಚೆ ಬದಿಯಲ್ಲಿ ಕೊಳೆಯಿತು. ಬಾಳವ್ವನಂಥವರಿಗೆ ಕಾನೂನಿನಲ್ಲಿ ‘ಹೊರಮನೆಯವರು’ ಎಂಬ ಹೆಸರಾಯಿತು. ಹೊರಮನೆಯವರು ತೊಂಬತ್ತು ದಿನಕ್ಕೊಮ್ಮೆ ತಮ್ಮ ನಾಡಿಗೆ ಹೋಗಿ, ಏಳು ದಿನ ಕಳೆದು, ಹೊಸ ತಂಗುಚೀಟಿ ತರಬೇಕು. ತಂಗುಚೀಟಿಯೆಂದರೆ ಸ್ವಂತ ಗಂಡನ ಮನೆಯಲ್ಲಿ ಇರಲು ಅಪ್ಪಣೆ. ಎಂಟು ವರ್ಷ ಅವಳು ಹೀಗೆ ಹೋಗಿ ಬಂದಳು. ಗೇಟಿನ ಸಾಲಿನಲ್ಲಿ, ಬಿಸಿಲಿಗೆ ನಿಂತು ನಿಂತು ಮಂಡಿ ಊದಿಕೊಂಡಿತು. ಒಮ್ಮೆ ಸಾಲಿನಲ್ಲಿ ಯಾರೋ ನಮ್ಮ ಊರಿನ ಗಂಡಸರನ್ನು ಬೈದರಂತೆ. ಅವಳು ಜಗಳಕ್ಕೇ ನಿಂತಳಂತೆ. ಮನೆಗೆ ಬಂದು, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೇಳಿದಳು: “ನಮ್ಮ ಯಜಮಾನ್ರು ಹಂಗಲ್ಲ, ಅವರು ಇರೋಣ ಅಂದವರು ಅಂತ ಬಾಯಿ ಮುಚ್ಚಿಸಿ ಬಂದೀನಿ ನೋಡ್ರಿ.”

ನನಗೆ ತಡೆಯಲಾಗಲಿಲ್ಲ. “ನಾನು ಬಿಡೋಣ ಒತ್ತಿದ್ದು ಮಾರಾಯ್ತಿ” ಎಂದೆ.

ಎಣ್ಣೆಯ ಕೈ ನಿಂತಿತು. “ಯಾಕ್ರೀ?”

“ಸಿಟ್ಟು ಬಂದಿತ್ತು.”

“ಯಾರ ಮ್ಯಾಲ?”

ಆ ತಪಾಸಣೆಯವನ ಮುಖ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. “ಈಗ ಗೊತ್ತಾಗುದಿಲ್ಲ” ಎಂದೆ.

“ನನ್ನ ಒಂದ್ ಮಾತು ಕೇಳಬೇಕಿತ್ತು” ಎಂದಳು, ಅಷ್ಟೆ. ಬೈಯಲಿಲ್ಲ. ಎದ್ದು ಊಟಕ್ಕೆ ಬಡಿಸಿದಳು. ಅವಳು ಬೈದಿದ್ದರೆ ನನಗೆ ಆ ಅನ್ನ ಇಳಿಯುತ್ತಿತ್ತು.

ಮುಂದಿನ ಸರದಿಗೆ ಹೋದವಳು ತಿರುಗಿ ಬರಲಿಲ್ಲ. “ಇನ್ನ ಆ ಸಾಲಿನ್ಯಾಗ ನಿಂದ್ರಾಕ ನನ್ನ ಕೈಲಿ ಆಗೂದಿಲ್ಲ. ಬರೂದಿದ್ರ ನೀವ ಬರ್ರಿ” ಎಂದು ಹೇಳಿಕಳಿಸಿದಳು.

ಹೀಗೆ ಮೂರು ವರ್ಷದಿಂದ ಆಚೆ ಬದಿಗೆ ನಾನು ಹೊರಮನೆಯವನು. ನನಗೆ ಸಿಗುವುದು ಏಳೇ ದಿನದ ಚೀಟಿ. ಅವಳ ತಂಗಿಯ ಮನೆಯ ಪಡಸಾಲೆಯಲ್ಲಿ ಮಲಗುತ್ತೇನೆ. ಅವಳು ರೊಟ್ಟಿ ಬಡಿಯುತ್ತಾಳೆ, ನಾನು ನೀರು ತರುತ್ತೇನೆ, ಸೌದೆ ಒಡೆಯುತ್ತೇನೆ. ಹಳೆಯ ಮಾತು ಇಬ್ಬರೂ ಎತ್ತುವುದಿಲ್ಲ. ಹೊರಡುವಾಗ ಬುತ್ತಿ ಕಟ್ಟಿಕೊಡುತ್ತಾಳೆ. ಮತ್ತೆ ಬನ್ನಿ ಎನ್ನುವುದಿಲ್ಲ, ಬರಬೇಡಿ ಎಂದೂ ಈವರೆಗೆ ಹೇಳಿಲ್ಲ.

ಈ ಕಾಗದವನ್ನು ಸಾಲಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ನಿಮಗೆ ಇದು ಹೇಗೆ ತಲುಪುವುದೋ ತಿಳಿಯದು. ಒಕ್ಕೂಟ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ, ವಾದ ಮಾಡುವ ತ್ರಾಣ ನನಗೀಗ ಇಲ್ಲ. ನಿಮ್ಮನ್ನೂ ಯಾರಾದರೂ ಹೀಗೊಂದು ಪ್ರಶ್ನೆಯ ಮುಂದೆ ನಿಲ್ಲಿಸಿದರೆ, ದಯವಿಟ್ಟು ಮೊದಲು ಮನೆಯಲ್ಲಿ ಮಾತಾಡಿ. ಮತವಿಲ್ಲದವರು ಮನೆಯಲ್ಲಿದ್ದರೆ ಅವರೊಡನೆ ಎಲ್ಲರಿಗಿಂತ ಮೊದಲು ಮಾತಾಡಿ.

ಗೇಟು ತೆರೆದರು. ಹೋಗಿಬರುತ್ತೇನೆ.

ಐತಪ್ಪ